ದೂರಿಲ್ಲದ ಕೋಣೆ

ನನ್ನ ಓರಗಿತ್ತಿಗೆ, ಅಂದರೆ ನನ್ನ ಭಾವನವರ ಹೆಂಡತಿಗೆ, ನಮ್ಮ ಬೀದಿಯಲ್ಲಿ ‘ತಪಾಸಣೆ’ ಎಂಬ ಹೆಸರಿದೆ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಅಷ್ಟು ಗುಂಡಿಗೆ ಯಾರಿಗಿದೆ? ಎದುರಿಗೆ ಎಲ್ಲರಿಗೂ ಅವಳು ಅಕ್ಕ.

ಹಳೆಯ ನಗರದ ಕೋಟೆಗೋಡೆಗೆ ಒತ್ತಿಕೊಂಡಿರುವ ಒಂದು ಸಣ್ಣ ಅಂಗಡಿಯಲ್ಲಿ ಅಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಹೊಸದಾಗಿ ಹೊಲಿಯುವುದು ಕಡಿಮೆ. ಬೇರೆಯವರು ಹೊಲಿದದ್ದನ್ನು ಬಿಚ್ಚಿ ಸರಿಮಾಡುವುದೇ ಅವಳ ಕಸುಬು. ಕಸುಬಿಗೂ ಸ್ವಭಾವಕ್ಕೂ ಇಷ್ಟು ಚೆನ್ನಾಗಿ ಜೋಡಿ ಕೂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮದುವೆಗೆ ಹೋದರೆ ಗಂಡಿನ ಕಾಲರ್ ಸೊಟ್ಟಗಿದೆ ಎನ್ನುತ್ತಾಳೆ. ಆಸ್ಪತ್ರೆಗೆ ಹೋದರೆ ರೋಗಿಗಿಂತ ಮೊದಲು ಮಂಚದ ಹಾಸು ನೋಡುತ್ತಾಳೆ. ನಾನು ಈ ಮನೆಗೆ ಬಂದ ಮೇಲೆ ಅವಳು ಯಾವುದನ್ನಾದರೂ ಹೊಗಳಿದ್ದು ಕೇಳಿಲ್ಲ. ತೀರಾ ಮೆಚ್ಚಿಗೆಯಾದರೆ ‘ಪರವಾಗಿಲ್ಲ’ ಎನ್ನುತ್ತಾಳೆ. ಒಮ್ಮೆ ನನ್ನ ಚಹಾಕ್ಕೆ ಆ ಮಾತು ಸಿಕ್ಕಿತ್ತು, ವಾರವಿಡೀ ನಾನು ಬೀಗುತ್ತಾ ಓಡಾಡಿದ್ದೆ.

ಮೊಸರಲ್ಲಿ ಕಲ್ಲು ಹುಡುಕುವ ಈ ಗುಣದ ಬಿಸಿ ಹೆಚ್ಚಾಗಿ ತಟ್ಟಿದ್ದು ಅವಳ ಮಗಳು ಪುಟ್ಟಿಗೆ. ತಲೆ ಬಾಚಿಕೊಂಡರೆ ಬೈತಲೆ ಡೊಂಕು, ನೆಲ ಒರೆಸಿದರೆ ಮೂಲೆ ಬಾಕಿ, ಒಳ್ಳೆಯ ಅಂಕ ತಂದರೆ ಅಕ್ಷರ ಗುಂಡಗಿಲ್ಲ. ಹುಡುಗಿ ಒಂದು ದಿನವೂ ಎದುರಾಡಿದವಳಲ್ಲ. ‘ಸರಿ ಅಮ್ಮ, ಈಗಲೇ ಮಾಡ್ತೀನಿ’ ಎಂದು ಮತ್ತೆ ಬಾಚಿಕೊಳ್ಳುತ್ತಿದ್ದಳು, ಮತ್ತೆ ಒರೆಸುತ್ತಿದ್ದಳು. ಅಕ್ಕನಿಗೆ ಮಗಳೆಂದರೆ ಪ್ರಾಣ. ಆದರೆ ಆ ಪ್ರಾಣ ಹೊರಬರುತ್ತಿದ್ದದ್ದು ಬೈಗುಳವಾಗಿಯೇ.

ಈ ಪುಟ್ಟಿ ಹೋದ ವರ್ಷ ದ್ವೀಪದ ಹೋಟೆಲಿನಲ್ಲಿ ತರಬೇತಿಗೆ ಸೇರಿದಳು. ನಮ್ಮ ಕೋಟೆಯ ಮೇಲೆ ನಿಂತರೆ ನೀರಿನಾಚೆ ಬೆಳ್ಳಗೆ ಕಾಣುವ ಕಟ್ಟಡ ಅದು. ದೂರದೂರದಿಂದ ಬಂದವರು ಬೆಳಿಗ್ಗೆ ನಮ್ಮ ಹಳೆಯ ಬೀದಿಗಳ ಫೋಟೊ ತೆಗೆದು, ಸಂಜೆಗೆ ದೋಣಿ ಹತ್ತಿ ಅಲ್ಲಿ ಹೋಗಿ ಮಲಗುತ್ತಾರೆ. ಅಲ್ಲಿನ ಬಾಡಿಗೆ ಕೇಳಿ ಭಾವನವರಿಗೆ ಹತ್ತಿದ ಕೆಮ್ಮು ಇನ್ನೂ ನಿಂತಿಲ್ಲ.

ಹೋಟೆಲನ್ನು ದುರಸ್ತಿಗೆಂದು ಕೆಲವು ತಿಂಗಳು ಮುಚ್ಚಿದ್ದರು. ಮತ್ತೆ ತೆರೆಯುವ ಮುಂಚೆ ಒಂದು ತಾಲೀಮು ಇಟ್ಟುಕೊಂಡರು. ತರಬೇತಿಯವರ ಮನೆಯವರೇ ಒಂದು ದಿನದ ಮಟ್ಟಿಗೆ ಅತಿಥಿಗಳು, ಎಲ್ಲ ಪುಕ್ಕಟೆ. ಷರತ್ತು ಇಷ್ಟೇ: ಮಗಳು ಮಗ ಎಂದು ಕರೆಯುವ ಹಾಗಿಲ್ಲ, ಅವರೂ ಅಮ್ಮ ಅಪ್ಪ ಎನ್ನುವುದಿಲ್ಲ. ನೀವು ಮೇಡಂ, ಅವರು ಸಿಬ್ಬಂದಿ. ಯಾರು ಹೇಗೆ ನಡೆದುಕೊಳ್ಳುತ್ತಾರೆಂದು ಮ್ಯಾನೇಜರ್ ನೋಡುತ್ತಿರುತ್ತಾನೆ. ಮೆಚ್ಚಿದವರಿಗೆ ಕೆಲಸ ಖಾಯಂ, ಉಳಿದವರು ಮನೆಗೆ.

ಭಾವನವರು ಬರುವುದಿಲ್ಲವೆಂದರು. ಒಂದು ದಿನ ಮನೆಯಲ್ಲಿ ಒಬ್ಬನೇ ಕೂತು ಚಹಾ ಕುಡಿಯುವುದೇ ತನಗೆ ದೊಡ್ಡ ಹೋಟೆಲು ಎಂದು ನನ್ನ ಕಿವಿಯಲ್ಲಿ ಹೇಳಿದರು. ಹಾಗಾಗಿ ಅಕ್ಕನ ಜೊತೆ ನಾನು ಹೊರಟೆ. ಕೊರತೆ ಕಂಡರೆ ಮುಲಾಜಿಲ್ಲದೆ ಹೇಳಬೇಕು, ಮನೆಯಲ್ಲಿ ಹೇಗಿರುತ್ತೀಯೋ ಹಾಗೇ ಇರು ಎಂದು ಪುಟ್ಟಿ ಅಮ್ಮನಿಗೆ ಮೊದಲೇ ಹೇಳಿದ್ದಳು. ಅಕ್ಕ ಕೇಳಿಸಿಕೊಂಡದ್ದು ಮಾತ್ರ ಮ್ಯಾನೇಜರ್ ನೋಡುತ್ತಿರುತ್ತಾನೆ ಎಂಬ ಒಂದೇ ಮಾತು.

ದೋಣಿ ಇಳಿಯುತ್ತಲೇ ಅಕ್ಕ ಬೇರೆ ಹೆಂಗಸಾಗಿಬಿಟ್ಟಳು. ಮೆಟ್ಟಿಲು ಚೆನ್ನಾಗಿದೆ ಎಂದಳು. ಬಾಗಿ ನಮಸ್ಕರಿಸಿದವನನ್ನು ಹೊಗಳಿದಳು. ಕುಡಿಯಲು ಕೊಟ್ಟ ಹಣ್ಣಿನ ರಸ ಬಾಯಿಗೆ ಇಡುವ ಮುಂಚೆಯೇ ಬಹಳ ರುಚಿ ಎಂದಳು. ನನಗೆ ತಲೆ ಸುತ್ತಿತು. ಇಷ್ಟು ವರ್ಷ ಜಿಪುಣತನ ಮಾಡಿ ಕೂಡಿಟ್ಟ ಹೊಗಳಿಕೆಯನ್ನೆಲ್ಲ ಆ ಮಹಾತಾಯಿ ಒಂದೇ ಗಂಟೆಯಲ್ಲಿ ದಾನ ಮಾಡುತ್ತಿದ್ದಳು, ನನ್ನ ಚಹಾಕ್ಕೆ ಒಂದು ಹನಿ ಕೊಡದೆ.

ಪುಟ್ಟಿ ಕಪ್ಪು ಕೋಟು ತೊಟ್ಟು ನಮ್ಮನ್ನು ಕೋಣೆಗೆ ಕರೆದೊಯ್ದಳು. ‘ಏನೇ ಬೇಕಾದರೂ ಈ ಗಂಟೆ ಒತ್ತಿ ಮೇಡಂ’ ಎಂದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಂದ ಮೇಡಂ ಅನ್ನಿಸಿಕೊಂಡ ಅಕ್ಕ ಎಲ್ಲಿ ನೋಡಬೇಕೆಂದು ತಿಳಿಯದೆ ಛಾವಣಿ ನೋಡಿದಳು.

ಹುಡುಗಿ ಆಚೆ ಹೋದದ್ದೇ ತಡ, ಅಕ್ಕನ ಕಣ್ಣು ಕೆಲಸಕ್ಕೆ ಇಳಿಯಿತು. ಕಿಟಕಿಯ ಪರದೆಯ ಅಂಚು ಒಂದು ಗೇಣು ಬಿಚ್ಚಿತ್ತು. ಓದುವ ದೀಪ ಹತ್ತಲಿಲ್ಲ. ಮೇಜಿನ ಕಾಲು ಕುಂಟುತ್ತಿತ್ತು. ಸ್ನಾನದ ಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಅಲ್ಲಿ ಟವೆಲ್ಲೂ ಇರಲಿಲ್ಲ. ಈಗ ಗುಡುಗುತ್ತಾಳೆ ಎಂದು ನಾನು ಕಾದೆ. ಅವಳು ಚೀಲದಿಂದ ಸೂಜಿ ದಾರ ತೆಗೆದಳು. ಪುಟ್ಟಿ ನೋಡಿಕೊಳ್ಳುವ ಕೋಣೆ ಇದು, ಇದರ ಹುಳುಕು ಹೊರಗೆ ಬಿದ್ದರೆ ಅವಳ ತಲೆಗೇ ಬರುತ್ತದೆ ಎಂದು ಪಿಸುಗುಟ್ಟಿದಳು. ಪರದೆ ಹೊಲಿದಳು. ಸ್ನಾನದ ಮನೆಯ ಬಲ್ಬು ಬಿಚ್ಚಿ ಓದುವ ದೀಪಕ್ಕೆ ಹಾಕಿದಳು. ಸೋಪಿನ ರಟ್ಟು ಮಡಚಿ ಮೇಜಿನ ಕಾಲಿಗೆ ಕೊಟ್ಟಳು. ನಲ್ಲಿಗೆ ಒಂದು ದಾರ ಕಟ್ಟಿದಳು, ಹನಿ ಸದ್ದಿಲ್ಲದೆ ದಾರದಗುಂಟ ಜಾರತೊಡಗಿತು. ಟವೆಲ್ ಮನೆಯಿಂದ ತಂದದ್ದಿತ್ತು. ಇಷ್ಟು ದೊಡ್ಡ ಹೋಟೆಲಿನಲ್ಲಿ ನಾನು ಕತ್ತಲಲ್ಲಿ ತಡಕಾಡಿಕೊಂಡು ಸ್ನಾನ ಮಾಡಿದೆ.

ಸಂಜೆ ಹುಲ್ಲುಹಾಸಿನ ಮೇಲೆ ಎಲ್ಲರಿಗೂ ಚಹಾ ಕೊಟ್ಟರು. ನೀರಿನಾಚೆ ನಮ್ಮ ಕೋಟೆ, ಗಡಿಯಾರದ ಗೋಪುರ ಎಲ್ಲ ಬಿಸಿಲಿಗೆ ಹೊಂಬಣ್ಣವಾಗಿದ್ದವು. ಅದರ ಬುಡದಲ್ಲಿ ನಮ್ಮ ಮನೆ ಇದೆ ಎಂದರೆ ನನಗೇ ನಂಬಿಕೆ ಬರಲಿಲ್ಲ. ಸುತ್ತ ಬೇರೆ ಮನೆಯವರೆಲ್ಲ ಗಂಟಲು ಹರಿಯುವಂತೆ ದೂರು ಹೇಳುತ್ತಿದ್ದರು. ಒಬ್ಬರಿಗೆ ಬಿಸಿನೀರಿಲ್ಲ, ಇನ್ನೊಬ್ಬರಿಗೆ ದಿಂಬಿಲ್ಲ. ಹುಟ್ಟಿದಾಗಿನಿಂದ ದಿಂಬಿಲ್ಲದೆ ಮಲಗಿದವರೂ ಅಂದು ಬಿಡಲಿಲ್ಲ. ಅವರವರ ಮಕ್ಕಳು ಓಡಿಹೋಗಿ ತಂದುಕೊಡುತ್ತಿದ್ದರು, ಮ್ಯಾನೇಜರ್ ತಲೆದೂಗುತ್ತಿದ್ದ. ನಮ್ಮ ಬಳಿ ಬಂದು ಕೋಣೆಯಲ್ಲಿ ಏನೂ ತೊಂದರೆ ಇಲ್ಲವೇ ಎಂದು ಕೇಳಿದ. ಎಲ್ಲ ಬಂಗಾರದ ಹಾಗಿದೆ ಎಂದಳು ಅಕ್ಕ. ಅವನು ಎರಡನೇ ಸಲ ಕೇಳಿದ. ಅವಳು ಎರಡನೇ ಸಲವೂ ಬಂಗಾರ ಎಂದಳು. ಹಿಂದೆ ತಟ್ಟೆ ಹಿಡಿದು ನಿಂತಿದ್ದ ಪುಟ್ಟಿಯ ಮುಖ ಬಾಡಿಹೋಯಿತು.

ಊಟದ ಕೋಣೆಯ ಪಕ್ಕದ ಕಾರಿಡಾರಿನಲ್ಲಿ ಪುಟ್ಟಿ ನನ್ನನ್ನು ಹಿಡಿದು ನಿಲ್ಲಿಸಿದಳು. ಒಂದೊಂದು ಕೋಣೆಯಲ್ಲೂ ಮ್ಯಾನೇಜರ್ ತಾನೇ ಒಂದಷ್ಟು ಹುಳುಕು ಮಾಡಿಟ್ಟಿದ್ದನಂತೆ, ಯಾರು ಹೇಗೆ ನಿಭಾಯಿಸುತ್ತಾರೆ ನೋಡಲು. ಎಲ್ಲರಿಗೂ ಅದು ಗೊತ್ತಾದದ್ದು ಈಗ. ಇವಳೊಬ್ಬಳಿಗೆ ನಿಭಾಯಿಸಲು ಏನೂ ಸಿಕ್ಕಿಲ್ಲ. ಊಟಕ್ಕೆ ಮುಂಚೆ ಹೆಸರು ತೀರ್ಮಾನವಾಗುತ್ತದೆ.

“ಚಿಕ್ಕಮ್ಮ, ಜೀವಮಾನದಲ್ಲಿ ಒಂದೇ ಒಂದು ಸಲ ಅಮ್ಮನ ಬಾಯಿ ನನಗೆ ಬೇಕಾಗಿತ್ತು,” ಎಂದಳು. “ಇವತ್ತೇ ಮುಚ್ಚಿಕೊಂಡಿದಾಳೆ.”

ನಗು ಬಂತು, ಆದರೆ ಹುಡುಗಿಯ ಕಣ್ಣು ತುಂಬಿದ್ದು ನೋಡಿ ನುಂಗಿಕೊಂಡೆ. ಕೋಣೆಗೆ ಓಡಿಹೋಗಿ ಅಕ್ಕನಿಗೆ ಹೇಳಿದೆ. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು ಮಂಚದ ಮೇಲೆ ಕುಸಿದಳು. ನನ್ನ ಕೈಯಾರೆ ಮಗಳ ಅನ್ನ ಕಿತ್ತುಕೊಂಡೆನಲ್ಲ ಎಂದಳು. ಆಮೇಲೆ ಎದ್ದಳು ನೋಡಿ. ಪರದೆಯ ಹೊಲಿಗೆ ಬಿಚ್ಚಿದಳು, ರಟ್ಟು ಎಳೆದಳು, ದಾರ ಹರಿದಳು, ಟವೆಲ್ಲನ್ನು ಮಂಚದಡಿಗೆ ಒದ್ದಳು. ನನ್ನನ್ನು ಕುರ್ಚಿ ಹತ್ತಿಸಿ ಬಲ್ಬನ್ನು ಅದರ ತವರಿಗೆ ಕಳಿಸಿದಳು. ಗಂಟೆ ಒತ್ತಿದಳು.

ಪುಟ್ಟಿ ಬಂದಳು, ಬೆನ್ನಿಗೇ ಮ್ಯಾನೇಜರ್. ಅಕ್ಕ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ನಾನು ಮೆಲ್ಲಗೆ ಅವಳ ಸೊಂಟ ಚಿವುಟಿದೆ. ಪರದೆ, ಎಂದಳು ಸಣ್ಣ ದನಿಯಲ್ಲಿ. ಆಮೇಲೆ ದೀಪ. ನಲ್ಲಿಗೆ ಬರುವ ಹೊತ್ತಿಗೆ ದನಿಗೆ ಜೀವ ಬಂತು, ಟವೆಲ್ಲಿಗೆ ಬರುವ ಹೊತ್ತಿಗೆ ಅವಳು ನಮ್ಮ ಅಕ್ಕನಾಗಿದ್ದಳು. ಮ್ಯಾನೇಜರ್ ಮಾಡಿಟ್ಟ ಹುಳುಕು ಮುಗಿದವು, ಅವಳ ಪಟ್ಟಿ ಮುಗಿಯಲಿಲ್ಲ. ಹಾಸಿನ ಅಂಚು ಒಂದು ಕಡೆ ಗಿಡ್ಡ. ಗೋಡೆಯ ಚಿತ್ರ ವಾಲಿದೆ. ಚಮಚದ ಮೇಲೆ ಬೆರಳಿನ ಗುರುತು. ಅವನ ಕೋಟಿನ ಗುಂಡಿಗೂ ಬಂತು ಸರದಿ, ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಾರೆ ಎಂದಳು. ಅವನು ಗುಂಡಿ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

ಪುಟ್ಟಿ ಅಲುಗಲಿಲ್ಲ. ಒಂದೊಂದಕ್ಕೂ ತಲೆ ಬಾಗಿಸಿ, “ಸರಿ ಮೇಡಂ, ಈಗಲೇ ಮಾಡ್ತೀನಿ,” ಎಂದಳು. ಬಲ್ಬು ತರಿಸಿದಳು, ಟವೆಲ್ ತರಿಸಿದಳು, ನಲ್ಲಿಯವನನ್ನು ಕರೆಸಿದಳು. ಮಧ್ಯೆ ಅಕ್ಕನಿಗೆ ಕುಡಿಯಲು ನೀರು ಕೊಟ್ಟಳು. ಮುಖದಲ್ಲಿ ಸಿಡುಕಿಲ್ಲ, ನಾಟಕದ ನಗುವೂ ಇಲ್ಲ. ಹದಿಹರೆಯದಲ್ಲಿ ಬೈತಲೆ ಮತ್ತೆ ತೆಗೆಯುತ್ತಿದ್ದ ಅದೇ ಹುಡುಗಿ ನನಗೆ ಕಂಡಳು.

ಮ್ಯಾನೇಜರ್ ಬೆವರು ಒರೆಸಿಕೊಂಡ. ಸೋಮವಾರದಿಂದ ಸ್ವಾಗತದ ಮೇಜು ನಿನ್ನದೇ ಎಂದು ಪುಟ್ಟಿಗೆ ಹೇಳಿದ. ಎಷ್ಟು ಹೇಳಿಕೊಟ್ಟರೂ ಬಾರದ ತಾಳ್ಮೆ ಇದು, ಎಲ್ಲಿ ಕಲಿತೆ ಎಂದು ಕೇಳಿದ.

“ಮನೆಯಲ್ಲಿ ಸರ್,” ಎಂದಳು ಪುಟ್ಟಿ.

ಚುಚ್ಚಬೇಕೆಂದು ಹೇಳಿದ್ದಲ್ಲ. ಕೇಳಿದ್ದಕ್ಕೆ ನಿಜ ಹೇಳಿದಳು ಅಷ್ಟೆ. ಆದರೆ ಅಕ್ಕನ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತು. ಅವಳು ಮಗಳ ಮುಖವನ್ನೇ ನೋಡುತ್ತಿದ್ದಳು. ನನಗೆ ಅವಳ ಮೇಲೆ ಎಂದೂ ಬಾರದ ಕನಿಕರ ಆಗ ಬಂತು.

ಮ್ಯಾನೇಜರಿಗೆ ಇದೊಂದೂ ತಿಳಿಯದು. ಈ ಹುಡುಗಿಯ ಮೇಲೆ ತಮ್ಮ ದೂರು ಏನಾದರೂ ಇದೆಯೇ ಮೇಡಂ ಎಂದು ವಾಡಿಕೆಯಂತೆ ಕೇಳಿದ.

“ಇಲ್ಲ,” ಎಂದಳು ಅಕ್ಕ. ಉಳಿದ ನೀರು ಕುಡಿದು ಲೋಟ ಮೇಜಿನ ಮೇಲಿಟ್ಟು, “ಯಾವತ್ತೂ ಇರಲಿಲ್ಲ. ಹೇಳ್ತಾ ಇದ್ದೆ, ಅಷ್ಟೆ,” ಎಂದಳು.

ಅಷ್ಟೊಂದು ದೂರಿಗೆ ಜಗ್ಗದೆ ನಿಂತಿದ್ದ ಹುಡುಗಿ ಆ ಮಾತಿಗೆ ತಡೆಯಲಿಲ್ಲ. ಥ್ಯಾಂಕ್ಯೂ ಮೇಡಂ ಎನ್ನಲು ಹೋದಳು, ಅರ್ಧವೇ ಬಂತು. ತಿರುಗಿ ಸರಸರನೆ ಹೊರಟಳು. ಹೋಗುವ ಭರದಲ್ಲಿ ಖಾಲಿ ಲೋಟ ಮರೆತಳು, ಹಳೆಯ ಬಲ್ಬು ಮೇಜಿನ ಮೇಲೇ ಬಿಟ್ಟಳು, ಬಾಗಿಲನ್ನೂ ಪೂರ್ತಿ ತೆರೆದಿಟ್ಟು ಹೋದಳು. ಅಕ್ಕ ಎಲ್ಲವನ್ನೂ ನೋಡಿದಳು, ಏನೂ ಅನ್ನಲಿಲ್ಲ.