ಇಪ್ಪತ್ತೈದನೆಯ ಮಣಿ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಮೂಲೆಕೋಣೆಯಲ್ಲಿ ಒಂದು ಪರದೆ ಬೆಳಗುತ್ತಿದೆ. ಅದರ ಮೇಲೆ ಯಾರದೋ ಬೆನ್ನು. ಒಂದೊಂದು ಮೂಳೆಗೂ ಒಂದೊಂದು ಬಣ್ಣ, ಪಕ್ಕದಲ್ಲಿ ಸಂಖ್ಯೆ. ಬಣ್ಣ ಬಳಿದು ಸಂಖ್ಯೆ ಬರೆದದ್ದು ಯಂತ್ರ. ಮುಂದೆ ಕುಳಿತ ಹೆಂಗಸು ಬಲಗೈ ಹೆಬ್ಬೆರಳನ್ನು ತೋರುಬೆರಳಿನ ಮೊದಲ ಗೆಣ್ಣಿಗೆ ಒತ್ತಿ, ಕುತ್ತಿಗೆಯಿಂದ ಎಣಿಕೆ ಶುರು ಮಾಡುತ್ತಾರೆ. ತುಟಿ ಅಲ್ಲಾಡುತ್ತದೆ, ದನಿಯಿಲ್ಲ. ನಡುವೆ ಬಾಗಿಲು ಕಿರುಗುಟ್ಟಿದರೆ, ಪದ್ಯ ಒಪ್ಪಿಸುವವರು ಸಾಲು ಮರೆತಂತೆ, ಮತ್ತೆ ಮೊದಲಿನಿಂದ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಇವರು ‘ಎಣಿಕೆಯಕ್ಕ’. ಸ್ಕ್ಯಾನ್ ಚಿತ್ರದಲ್ಲಿ ಬೆನ್ನುಮೂಳೆಯ ಪ್ರತಿ ತುಂಡನ್ನೂ, ಇಲ್ಲಿಯವರ ಮಾತಿನಲ್ಲಿ ‘ಮಣಿ’ಯನ್ನು, ಯಂತ್ರ ತಾನೇ ಬೇರ್ಪಡಿಸಿ ಗುರುತು ಹಾಕುತ್ತದೆ. ಆ ಗುರುತು ಸರಿಯೇ ಎಂದು ನೋಡಿ ಒಪ್ಪಿಗೆ ಕೊಡುವುದು ಇವರ ಕೆಲಸ. ಎಂಟಕ್ಕೆ ಆಪರೇಷನ್ ಶುರುವಾಗುವ ಮೊದಲು ಐದಾರು ಬೆನ್ನು, ಸಂಜೆಯೊಳಗೆ ಇನ್ನೂ ಹತ್ತು.

“ಕುತ್ತಿಗೇಲಿ ಏಳು, ಎದೇಲಿ ಹನ್ನೆರಡು, ಸೊಂಟದಲ್ಲಿ ಐದು. ಒಟ್ಟು ಇಪ್ಪತ್ನಾಲ್ಕು. ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಎರಡು ಕೈಗೂ ಸೇರಿ ಅಷ್ಟೇ ಆಗತ್ತೆ. ದೇವರು ಲೆಕ್ಕ ಹಾಕೇ ಕೊಟ್ಟಿದಾನೆ ನೋಡಿ,” ಎಂದು ಎರಡು ಕೈಯನ್ನೂ ಬಿಡಿಸಿ ತೋರಿಸುತ್ತಾರೆ. ಬೆರಳತುದಿಗಳು ಇಂದಿಗೂ ಒರಟು. ಹತ್ತೊಂಬತ್ತು ವರ್ಷ ಡಾರ್ಕ್ ರೂಮಿನಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆದು ನೇತುಹಾಕಿದ ಕೈ ಅದು. ಫಿಲ್ಮ್ ನಿಂತಾಗ ಇವರನ್ನು ತಂದು ಈ ಕುರ್ಚಿಯಲ್ಲಿ ಕೂರಿಸಿದರು.

ಗೆಣ್ಣಿನ ಲೆಕ್ಕ ಸುಮ್ಮನೆ ಬಂದದ್ದಲ್ಲ. ಮೊದಲ ವರ್ಷ ಯಂತ್ರ ಒಂದು ಮಣಿ ತಪ್ಪಿ ಎಣಿಸಿತ್ತು. ಇವರು ಕಣ್ಣಳತೆಯಲ್ಲೇ ನೋಡಿ ಒಪ್ಪಿಗೆ ಒತ್ತಿದರು. ಆ ರೋಗಿಯ ಬೆನ್ನನ್ನು ಎರಡು ಸಲ ಕೊಯ್ಯಬೇಕಾಯಿತು. “ಮಂಚದ ಹತ್ರ ಹೋಗಿ ಹೇಳ್ದೆ, ತಪ್ಪು ನೋಡಿದ್ದು ನಾನೇ ಅಂತ. ಆ ಅಜ್ಜ ಬೈಲಿಲ್ಲ. ‘ಇನ್ಮೇಲೆ ಮುಟ್ಟಿ ಮುಟ್ಟಿ ಎಣಿಸು ತಾಯಿ’ ಅಂದ್ರು. ಬೈದಿದ್ರೆ ಮರೀತಿದ್ನೇನೋ.”

ಇಂದಿನ ಪಟ್ಟಿಯ ಎರಡನೆಯ ಬೆನ್ನು ಒಬ್ಬ ಬಸ್ ಡ್ರೈವರನದು. ಎಡಗಾಲು ಮರಗಟ್ಟಿದೆ, ಕ್ಲಚ್ ಒತ್ತಿದ್ದೇ ತಿಳಿಯದು. ಬೇರೆ ಆಸ್ಪತ್ರೆಯವರು ಕುತ್ತಿಗೆಯಿಂದ ಎಣಿಸಿ, ತೊಂದರೆ ಸೊಂಟದ ನಾಲ್ಕನೆಯ ಮಣಿಯ ಬಳಿ ಎಂದು ಬರೆದುಕೊಟ್ಟಿದ್ದಾರೆ. ಇಲ್ಲಿ ತೆಗೆದದ್ದು ಸೊಂಟದ ಚಿತ್ರ ಮಾತ್ರ. ಯಂತ್ರ ಕೆಳಗಿನ ಮಣಿಗೆ ಐದು ಎಂದು ಹೆಸರಿಟ್ಟು ಮೇಲಕ್ಕೆ ಹತ್ತಿದೆ. ಎಣಿಕೆಯಕ್ಕ ಕೊನೆಯ ಮಣಿಯನ್ನೇ ದಿಟ್ಟಿಸುತ್ತಾರೆ. “ಇದರ ಎರಡು ಪಕ್ಕಕ್ಕೆ ಚಾಚಿರೋ ರೆಕ್ಕೆ ಯಾಕೋ ಅಗಲ,” ಎಂದು ಫೋನ್ ಎತ್ತಿ, ಕುತ್ತಿಗೆಯಿಂದ ಪೂರ್ತಿ ಚಿತ್ರ ಬೇಕು ಎನ್ನುತ್ತಾರೆ.

ಆ ಕಡೆಯಿಂದ ಆಪರೇಷನ್ ಮಾಡುವ ದೊಡ್ಡ ಡಾಕ್ಟರ ದನಿ ಕೋಣೆಗೆಲ್ಲ ಕೇಳುತ್ತದೆ. “ಏನಮ್ಮಾ, ಸೊಂಟದಲ್ಲಿ ಎಲ್ಲರಿಗೂ ಐದೇ ಇರೋದು. ಮೆಷಿನ್ನೂ ಅದನ್ನೇ ಹೇಳ್ತಿದೆ. ನಿಮಗೊಬ್ಬರಿಗೆ ಯಾಕೆ ಅನುಮಾನ?”

“ಅನುಮಾನ ಇರೋವರೆಗೂ ನಾನು ಒಪ್ಪಿಗೆ ಒತ್ತಲ್ಲ ಸಾರ್. ಬೈಯೋದಾದ್ರೆ ಚಿತ್ರ ಬಂದ ಮೇಲೆ ಬೈರಿ.”

ಏಳೂವರೆಗೆ ಹೊಸ ಚಿತ್ರ ಬರುತ್ತದೆ. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಇಳಿಯುತ್ತದೆ. ಬಲಗೈ ಮುಗಿದು ಎಡಗೈ. ಎಡಗೈಯ ಕಿರುಬೆರಳಿನ ಕೊನೆಯ ಗೆಣ್ಣಿಗೆ ಬಂದಾಗ ಪರದೆಯ ಮೇಲೆ ಇನ್ನೂ ಒಂದು ಮಣಿ ಉಳಿದಿದೆ. ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಮತ್ತೂ ಉಳಿಯುತ್ತದೆ.

ಡ್ರೈವರನ ಸೊಂಟದಲ್ಲಿ ಇರುವುದು ಆರು. ಯಂತ್ರ ನಾಲ್ಕು ಎಂದು ಬರೆದದ್ದು ನಿಜವಾಗಿ ಐದನೆಯದು. ಅದನ್ನು ನಂಬಿದ್ದರೆ ಕತ್ತಿ ಒಂದು ಮಣಿ ಕೆಳಗೆ ಇಳಿಯುತ್ತಿತ್ತು. ದೊಡ್ಡ ಡಾಕ್ಟರು ತಾವೇ ಕೆಳಗಿಳಿದು ಬರುತ್ತಾರೆ. ಪರದೆ ನೋಡುತ್ತಾರೆ, ತಮ್ಮ ಬೆರಳನ್ನೂ ನೋಡಿಕೊಳ್ಳುತ್ತಾರೆ. “ಗುರುತು ಒಂದು ಮಣಿ ಮೇಲಕ್ಕೆ,” ಎಂದಷ್ಟೇ ಹೇಳಿ ಹೋಗುತ್ತಾರೆ.

ಎಣಿಕೆಯಕ್ಕನ ಯಜಮಾನರು ದರ್ಜಿ. ದಿನವಿಡೀ ಬಗ್ಗಿ ಹೊಲಿದ ಬೆನ್ನು ಅವರದು. “ಊರಿನವರ ಬೆನ್ನೆಲ್ಲ ನೋಡ್ತಾಳೆ, ನನ್ನ ಬೆನ್ನಿಗೆ ಎಣ್ಣೆ ಹಚ್ಚು ಅಂದ್ರೆ ಪುರುಸೊತ್ತಿಲ್ಲ,” ಎಂಬುದು ಅವರ ದೂರಂತೆ. “ಹಚ್ತೀನಿ,” ಎಂದು ನಗುತ್ತಾರೆ ಈಕೆ. “ಹಚ್ತಾ ಹಚ್ತಾ ಎಣಿಸಿಬಿಡ್ತೀನಿ, ಅದಕ್ಕೇ ಅವರಿಗೆ ಕಚಗುಳಿ.”

ಇವರು ತಿದ್ದಿದ ಚಿತ್ರಗಳನ್ನೆಲ್ಲ ಯಂತ್ರಕ್ಕೆ ಪಾಠವಾಗಿ ಕೊಡುತ್ತಾರೆ. ಅದು ಪೂರ್ತಿ ಕಲಿತ ದಿನ ಈ ಕುರ್ಚಿ ಬೇಡವಾಗಬಹುದು. ಬೇಸರವಿಲ್ಲವೇ ಎಂದರೆ ಪರದೆಯತ್ತ ಕೈ ಬೀಸುತ್ತಾರೆ. “ಕಲೀಲಿ ಬಿಡಿ. ಎಲ್ಲಾ ಗೊತ್ತಿರಬೇಕು ಅಂತಿಲ್ಲ. ಇಪ್ಪತ್ತೈದು ಬಂದಾಗ ಒಂದು ಗಳಿಗೆ ನಿಂತು ಯಾರನ್ನಾದ್ರೂ ಕೇಳೋದು ಕಲಿತ್ರೆ ಸಾಕು, ನಾನು ನಿಶ್ಚಿಂತೆಯಾಗಿ ಮನೆಗೆ ಹೋಗ್ತೀನಿ.”

ಹನ್ನೊಂದರ ಹೊತ್ತಿಗೆ ಮೇಲಿನಿಂದ ಫೋನ್. ಡ್ರೈವರ್ ಎಡಗಾಲಿನ ಹೆಬ್ಬೆರಳು ಅಲ್ಲಾಡಿಸಿದನಂತೆ. “ಹೌದಾ,” ಎಂದು ಫೋನ್ ಇಟ್ಟು, ಸೆರಗಿನಲ್ಲಿ ಕನ್ನಡಕ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸುತ್ತಾರೆ. ಪರದೆಯ ಮೇಲೆ ಅಷ್ಟರಲ್ಲಿ ಇನ್ನೊಂದು ಬೆನ್ನು. ಹೆಬ್ಬೆರಳು ಮೊದಲ ಗೆಣ್ಣಿಗೆ ಹೋಗುತ್ತದೆ.

“ಈಗ ಮಾತಾಡಿಸ್ಬೇಡಿ,” ಎನ್ನುತ್ತಾರೆ, “ಎಣಿಕೆ ತಪ್ಪತ್ತೆ.”