ದೊರೆಯ ಗಡಿಯಾರ ಕಳುವಾಗಿರಲಿಲ್ಲ

ವೀರೇಶ, ನಿನ್ನ ಮುತ್ತಾತ ಹನುಮಂತ ಕಳ್ಳನಲ್ಲ. ಅದು ನನಗೆ ಏಳು ವರ್ಷಗಳಿಂದ ಗೊತ್ತು.

ಬಳ್ಳಾರಿ ದಂಡಿನಲ್ಲಿ ಕ್ಯಾಪ್ಟನ್ ಆಗಿದ್ದು, ಮುಂದೆ ಜನರಲ್ ಹುದ್ದೆಗೇರಿದ ಆ ಇಂಗ್ಲಿಷ್ ದೊರೆಯ ಜೀವನಚರಿತ್ರೆ ಬರೆದವನು ನಾನು. ನಾನೂ ಸೈನ್ಯದಲ್ಲಿದ್ದವನು. ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಏಳಕ್ಕೆ ಬರವಣಿಗೆ — ಒಂದು ದಿನ ತಪ್ಪಿಸಿದವನಲ್ಲ. ಅವನ ಶಿಸ್ತು ನನಗೆ ಆದರ್ಶವಾಗಿತ್ತು. ಅವನ ಬಂಗಾರದ ಗಡಿಯಾರ ಕದ್ದನೆಂದು ಛಡಿ ಏಟು ತಿಂದು ಅದೇ ವಾರ ಸತ್ತ ಆಳಿಗೆ, ನಿನ್ನ ಮುತ್ತಾತನಿಗೆ, ನನ್ನ ಪುಸ್ತಕದಲ್ಲಿ ಸಿಕ್ಕಿದ್ದು ಒಂದೇ ಸಾಲು.

ಪುಸ್ತಕಕ್ಕಾಗಿ ಹಿಂದೆ ನಿಮ್ಮ ಮನೆಯಲ್ಲಿ ವಿಚಾರಿಸಿದ್ದ ಗುರುತಿನ ಮೇಲೆ, ಅದು ಅಚ್ಚಿನಲ್ಲಿದ್ದಾಗ ನೀನು ಪೇಢೆ ಹಿಡಿದು ಬಂದೆ.

"ಸಾರ್, ಗಂಡು ಹುಟ್ಟೇತ್ರಿ. ಹನುಮಂತ ಅಂತಾನ ಹೆಸರಿಡಬೇಕಂತ ಅವ್ವ ಹಟ ಹಿಡದಾಳ. ಕಳ್ಳನ ಹೆಸರಂತ ನಮ್ಮ ಮನಿತನದಾಗ ಇಲ್ಲೀತನಕ ಯಾರೂ ಇಟ್ಟಿಲ್ರಿ. ನಿಮ್ಮ ಕಾಗದದಾಗ ಏನಾರ ಸಿಕ್ಕೈತೇನ್ರಿ?"

ಸಿಕ್ಕಿತ್ತು. ದೊರೆಯ ವಂಶದವರು ಕಳಿಸಿದ ಪ್ರತಿಗಳಲ್ಲಿ, ಅವನು ಮುಪ್ಪಿನಲ್ಲಿ ತಂಗಿಗೆ ಬರೆದ ಪತ್ರವಿತ್ತು. ಛಡಿ ಏಟು ಹೊಡೆಸಿದ ಮರುದಿನವೇ ಗಡಿಯಾರ ದೊರೆಯದೇ ಪೆಟ್ಟಿಗೆಯಲ್ಲಿ ಸಿಕ್ಕಿತ್ತು. ಬಡ್ತಿ ಹತ್ತಿರವಿತ್ತು, ಸುಮ್ಮನಿದ್ದುಬಿಟ್ಟ. "ಅದರ ಸದ್ದು ನನ್ನನ್ನು ಬಿಡುತ್ತಿಲ್ಲ" ಎಂದು ಬರೆದಿದ್ದ. ಆ ಪತ್ರ ಮೇಜಿನ ಖಾನೆಯಲ್ಲಿತ್ತು — ನಿನ್ನ ಮೊಣಕೈಗೆ ಗೇಣು ದೂರದಲ್ಲಿ. ನನ್ನ ಜನರಲ್, ನನ್ನ ಪುಸ್ತಕ...

"ಏನೂ ಇಲ್ಲಪ್ಪ. ಬ್ಯಾರೆ ಹೆಸರು ಇಡ್ರಿ" ಎಂದೆ.

ಬೇರೆ ಹೆಸರನ್ನೇ ಇಟ್ಟಿರಿ. ಹಟ ಬಿಟ್ಟ ನಿನ್ನ ಅವ್ವ ಗಂಗಮ್ಮ ತೊಟ್ಟಿಲ ಹತ್ತಿರ ಬರಲಿಲ್ಲವಂತೆ.

ಹೋದ ವಾರ ಆಕೆ ತೀರಿಕೊಂಡಾಗ ಮಣ್ಣಿಗೆಂದು ನಿಮ್ಮೂರು ಕುರುಗೋಡಿಗೆ ಬಂದಿದ್ದೆ. ಅಂಗಳದಲ್ಲಿ ಒಬ್ಬ ನಿನ್ನನ್ನು ಕೂಗಿದ: "ಲೇ ಗಡಿಯಾರದೋನೆ, ಮಣ್ಣು ಎಷ್ಟೊತ್ತಿಗಲೇ?" ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ನೀನು ತಲೆ ತಗ್ಗಿಸಿದೆ. ನಾನು — ರೂಢಿಬಲದಿಂದ — ಕೈಗಡಿಯಾರ ನೋಡಿ, "ನಾಕಕ್ಕ" ಎಂದೆ.

ಅಂದಿನಿಂದ ಬರೆಯಲು ಕೂತರೆ ಗೋಡೆ ಗಡಿಯಾರದ ಸದ್ದು ಹತ್ತಿರ ಹತ್ತಿರ ಬರುತ್ತದೆ. ಅದರ ಸೆಲ್ ತೆಗೆದಿಟ್ಟೆ. ಸದ್ದು ನಿಂತಿಲ್ಲ.

ನಾಳೆ ಆಕೆಯ ಹನ್ನೊಂದನೆಯ ದಿನ. ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಅಂದು ನಕ್ಕವರೆಲ್ಲ ಊಟಕ್ಕೆ ಕೂತಿರುತ್ತಾರೆ. ಅವರೆದುರು ದೊರೆಯ ಪತ್ರ ಓದುತ್ತೇನೆ, ಆಮೇಲೆ ನಾನು ಬರೆದ ಈ ಕಾಗದವನ್ನು. ಗಂಗಮ್ಮನಿಗೆ ಕೇಳಿಸುವುದಿಲ್ಲ. ಓದಿ ಮುಗಿಸಿ, ನೀನು ಏನು ಮಾಡಿದರೂ ಸರಿ, ಅಲ್ಲೇ ನಿಂತಿರುತ್ತೇನೆ.