ಮೂರು ಇಪ್ಪತ್ತೆಂಟು

ಲ್ಯಾಬಿನಲ್ಲಿ ನಾನು ಅಣಕಿಸದ ದನಿ ಇರಲಿಲ್ಲ. ಲ್ಯಾಬಿನ ಮುಖ್ಯಸ್ಥರಾದ ಸರ್ ಎರಡು ಸಲ ಕೆಮ್ಮಿ ಮಾತು ಶುರು ಮಾಡುವುದು, ಬಸ್ ಕಂಡಕ್ಟರನ ಸೀಟಿ, ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪು. ನನ್ನದೇ ದನಿಗೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅದು ಅಷ್ಟು ಸಪ್ಪೆ.

ದಿನಾ ದಾಂಡೇಲಿಯಿಂದ ಹಳಿಯಾಳಕ್ಕೆ ಬಸ್ ಹಿಡಿದು, ಒಂದು ಸಣ್ಣ ಸಂಶೋಧನಾ ಲ್ಯಾಬಿನಲ್ಲಿ ಜೀಬ್ರಾ ಮೀನು ಸಾಕುತ್ತಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ನೀರು ಬದಲಿಸುವುದು. ಮುಂಡಗೋಡದ ರೈತರ ಮನೆಯ ಮಗಳು ನಮ್ಮ ಹಿರಿಯ ಸಂಶೋಧಕಿ. ಎಲ್ಲರೂ ಅಕ್ಕ ಅನ್ನುತ್ತಿದ್ದೆವು. ಎರಡು ವರ್ಷ ಕೂತು ಅವಳೊಂದು ಪ್ಲಾಸ್ಮಿಡ್ ಕಟ್ಟಿದ್ದಳು. ಅದು ಡಿಎನ್‌ಎಯ ಪುಟ್ಟ ಬಳೆ. ಒಳಗೊಂದು ಕತ್ತರಿಯ ಜೀನ್. ಮೊಟ್ಟೆಗೆ ಚುಚ್ಚಿದರೆ ಮೀನಿನ ಮೈ ಸೇರಿ, ಮರಿಗಳಿಗೂ ಇಳಿಯುತ್ತದೆ. ಕತ್ತರಿ ಮಲಗಿಯೇ ಇರುತ್ತದೆ. ನೀರನ್ನು ಮೂವತ್ತೇಳು ಡಿಗ್ರಿಗೆ ಕಾಯಿಸಿದರೆ ಮಾತ್ರ ಎದ್ದು, ಹಸಿರು ಹೊಳಪಿನ ಜೀನನ್ನು ಕತ್ತರಿಸಿ ಎಸೆದು ತುದಿಗಳನ್ನು ಜೋಡಿಸುತ್ತದೆ. ಆಗ ಅದರ ಹಿಂದಿದ್ದ ಕೆಂಪಿನ ಜೀನ್ ಹೊಳೆದು ಹಸಿರು ಮರಿ ಕೆಂಪಾಗುತ್ತದೆ. ಕತ್ತರಿಸಿದ್ದು ಮರಳಿ ಬರುವುದಿಲ್ಲ. ಎಬ್ಬಿಸದೆ ಏಳಬಾರದು, ಅಷ್ಟೇ. ಅಕ್ಕನ ಎರಡು ವರ್ಷ ನಿಂತಿದ್ದು ಅದರ ಮೇಲೆ.

ಒಂದು ಭಾನುವಾರ ಪಾಳಿ ನನ್ನದು. ಮೂರು ಹೊತ್ತು ನೀರಿನ ಉಷ್ಣತೆ ನೋಡಿ ಬರೆಯಬೇಕು; ಇಪ್ಪತ್ತೆಂಟು ಡಿಗ್ರಿ ಇದ್ದರೆ ಸರಿ. ನಾನು ಗೆಳೆಯರ ಜೊತೆ ಗಣೇಶಗುಡಿಗೆ ರಾಫ್ಟಿಂಗಿಗೆ ಹೋದೆ. ಸೋಮವಾರ ಬಂದು ಕೈಯಿಟ್ಟರೆ ನೀರು ಸ್ನಾನಕ್ಕೆ ಹದವಾಗಿತ್ತು. ಹೀಟರ್ ಕೆಟ್ಟು ಉರಿಯುತ್ತಲೇ ಇತ್ತು. ಎರಡು ಮರಿ ಸತ್ತಿದ್ದವು. ಪ್ಲಗ್ ಕಿತ್ತೆ. ದಾಖಲೆ ಪುಸ್ತಕದಲ್ಲಿ ಭಾನುವಾರಕ್ಕೆ ಖಾಲಿ ಇದ್ದ ಮೂರು ಮನೆಗಳಲ್ಲಿ ದುಂಡಗೆ ಬರೆದೆ: ೨೮, ೨೮, ೨೮.

ಬುಧವಾರ ಸೂಕ್ಷ್ಮದರ್ಶಕದಡಿ, ನಾವು ಕಾಯಿಸದೇ ಬಿಟ್ಟಿದ್ದ ಮರಿಗಳು ಕೆಂಪಗೆ ಹೊಳೆದವು.

ಸರ್ ಕೆಮ್ಮಿದರು. "ನಿಮ್ಮ ಪ್ಲಾಸ್ಮಿಡ್ ಭರವಸಿದ್ದಲ್ಲರೀ. ಈ ತಳಿ ತಗದ ಹಾಕ್ರಿ."

ಅಕ್ಕ ದಾಖಲೆ ಪುಸ್ತಕ ತೆರೆದು ನನ್ನ ಇಪ್ಪತ್ತೆಂಟುಗಳ ಮೇಲೆ ಬೆರಳಾಡಿಸಿದಳು. "ನೀರು ಸರಿ ಐತಿ. ಹಂಗಾರ ತಪ್ಪು ನಂದ."

ಸಂಜೆ ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. "ಮೀಟರಿನ ಮುಳ್ಳು ನೋಡಲಾರದ ಬರದ್ರ ಬಾಯ್ಲರ್ ನಿನ್ನ ಅಕ್ಷರಾ ಓದತೈತೇನಲೇ?" ಎಂದ. ಅಪ್ಪನನ್ನು ಅಣಕಿಸುವುದು ನನಗೆ ಊಟದಷ್ಟು ಸಲೀಸು. ಅವತ್ತು ಅಣಕಿಸದೆ ತಟ್ಟೆ ತೊಳೆದಿಟ್ಟೆ.

ಮರುದಿನ ಲ್ಯಾಬಿನಲ್ಲಿ ಎಲ್ಲರೆದುರು ಎದ್ದು ನಡೆದದ್ದನ್ನು ಹೇಳಿದೆ. ಯಾರೋ ಕಿಸಕ್ಕನೆ ನಕ್ಕರು. "ಇದು ಯಾರ ದನಿಲೇ?"

"ನಂದ."

ಸರ್ ಬಾಗಿಲು ಹಾಕಿಸಿದರು. "ಆ ಪುಟ ಹರದು ಹೊಸಾದು ಬರಿ. ಮೀನು ಅದಲಬದಲಾಗಿದ್ವು ಅಂದ್ರಾತು. ಲ್ಯಾಬಿನ ಮರ್ಯಾದಿ ಐತಿ."

"ಹರಿಯಂಗಿಲ್ರೀ ಸರ್."

"ಏನಂದಿ?"

"ಅದಲಬದಲ ಮಾಡಿದ್ದು ಯಾರು ಅಂತ ಕೇಳಿದ್ರ ಮತ್ತ ಅಕ್ಕನ ಹೆಸರ ಬರತೈತಿ. ಬೇಕಾರ ನನ್ನ ಹರೀರಿ. ಪುಟ ಇರಲಿ."

"ಇನ್ನ ಮೀನಿನ ಕೋಣಿಯೊಳಗ ಕಾಲಿಡಬ್ಯಾಡ!"

"ಇಡಂಗಿಲ್ರಿ. ಆದ್ರ ಇನ್ನೊಂದ ಸಲ ಮಾಡಿ ನೋಡೂತನಕ ಆ ತಳಿ ತಗಿಯಾಕ ಬಿಡಂಗಿಲ್ಲ."

ದಾಖಲೆ ಪುಸ್ತಕ ತೆರೆದೆ. ಮೂರೂ ಇಪ್ಪತ್ತೆಂಟುಗಳ ಮೇಲೆ ಗೆರೆ ಎಳೆದು, 'ನೋಡದೆ ಬರೆದದ್ದು. ಹೀಟರ್ ಕೆಟ್ಟಿತ್ತು' ಎಂದು ಬರೆದು ಸಹಿ ಹಾಕಿದೆ. ಆ ಪುಟ ಈಗಲೂ ಅಲ್ಲೇ ಇದೆ.

ಅಕ್ಕ ಬೇರೆ ತೊಟ್ಟಿಯಲ್ಲಿದ್ದ ತಾಯಿ ಮೀನುಗಳಿಂದ ಹೊಸ ಮೊಟ್ಟೆ ತೆಗೆದಳು. ಕೆಲ ದಿನಗಳ ನಂತರ ಲ್ಯಾಬಿನ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ನನ್ನೆದುರು ಮೊಬೈಲ್ ಹಿಡಿದಳು. ಕಾಯಿಸದವು ಅಷ್ಟೂ ಹಸಿರು. ಕಾಯಿಸಿದವು ಕೆಂಪು.

"ತಳಿ ಉಳೀತು. ನಿನ್ನ ಮ್ಯಾಲಿನ ಸಿಟ್ಟೂ ಉಳದೈತಿ," ಎಂದಳು. ಮೊಬೈಲ್ ಒಳಗಿಟ್ಟು ಪಕ್ಕದಲ್ಲಿ ಕೂತು, "ಎಲ್ಲಿ, ಸರ್ ಕೆಮ್ಮೂದು ಮಾಡು ನೋಡೂಣು."

ಕೆಮ್ಮಿದೆ. ಒಳಗಿನಿಂದ ಅಸಲಿ ಕೆಮ್ಮು ಕೇಳಿಸಿತು, ಎರಡು ಸಲ, ಬಾಗಿಲಿನ ಹತ್ತಿರವೇ. ನಾನು ಇನ್ನಷ್ಟು ಜೋರಾಗಿ ಕೆಮ್ಮಿದೆ.